ಮಿರ್ಬಾತ್‌ನ ಒಂಬತ್ತು ಮಂದಿ



ಜುಲೈ ತಿಂಗಳ ಮಳೆಯ ವಿಷಯವನ್ನು ಮುಂಬೈಯಲ್ಲಿರುವವರಿಗೆ ಹೇಳಬೇಕಾಗಿಲ್ಲ. ಮಂಗಳೂರು, ಉಡುಪಿ, ಕಾರವಾರದಿಂದ ಬಂದವರಿಗಂತೂ ಅದು ಹುಟ್ಟಿದಾಗಿನಿಂದ ಪರಿಚಯ. ಆದರೆ ಇದೇ ನೈಋತ್ಯ ಮಾರುತ ಅರಬ್ಬೀ ಸಮುದ್ರದ ಆಚೆ ದಡದಲ್ಲಿ, ಮರಳುಗಾಡಿನ ಅಂಚಿನ ಒಂದು ಕಿರಿದಾದ ಪಟ್ಟಿಯನ್ನೂ ಮುಟ್ಟಿ ಹಸಿರು ಮಾಡುತ್ತದೆ ಎಂಬುದು ನಿಮಗೆ ಗೊತ್ತೇ? ಅದು ಒಮಾನ್ ದೇಶದ ದಕ್ಷಿಣ ತುದಿಯ ಧೋಫಾರ್ ಪ್ರಾಂತ್ಯ. ಈ ಕಾಲವನ್ನು ಅಲ್ಲಿ 'ಖರೀಫ್' ಎನ್ನುತ್ತಾರೆ. ನಾವು ಮುಂಗಾರು ಬೆಳೆಗೆ ಖಾರಿಫ್ ಎನ್ನುತ್ತೇವಲ್ಲ, ಅದೇ ಅರಬ್ಬಿ ಪದ!

ಅಂಥದೊಂದು ಖರೀಫ್ ಮುಂಜಾನೆ ಧೋಫಾರಿನ ಮಿರ್ಬಾತ್ ಎಂಬ ಕಡಲತೀರದ ಊರಿನಲ್ಲಿ ಒಂದು ಕಾಳಗ ನಡೆಯಿತು. 1972ರ ಜುಲೈ 19. ಬ್ರಿಟಿಷ್ ವಿಶೇಷ ಪಡೆ ಎಸ್.ಎ.ಎಸ್.ನ ಒಂಬತ್ತೇ ಒಂಬತ್ತು ಸೈನಿಕರು ಒಂದು ಕಡೆ. ಕನಿಷ್ಠ 250 ಮಂದಿ ಬಂಡುಕೋರರು ಇನ್ನೊಂದು ಕಡೆ. 300 ದಾಟಿತ್ತು ಎನ್ನುವವರೂ ಇದ್ದಾರೆ. ಇಂದು ನಿಮಗೆ ಆ ಕಥೆ ಹೇಳುತ್ತೇನೆ. ಜೊತೆಗೆ, ಆ 'ಒಂಬತ್ತು' ಎಂಬ ಲೆಕ್ಕವನ್ನು ಒಮ್ಮೆ ಪರಿಶೀಲಿಸೋಣ.

ಮೊದಲು ಜಗಳ ಏಕೆ ಹುಟ್ಟಿತು ಎಂಬುದನ್ನು ನೋಡೋಣ. ಒಮಾನಿನ ಅಂದಿನ ಸುಲ್ತಾನ ಸಯೀದ್ ಬಿನ್ ತೈಮೂರ್. ಓದಿದ್ದು ನಮ್ಮ ಅಜ್ಮೇರಿನ ಮೇಯೋ ಕಾಲೇಜಿನಲ್ಲಿ. ಪಟ್ಟ ಬಿಟ್ಟುಕೊಟ್ಟಿದ್ದ ಅವನ ತಂದೆ ತೈಮೂರ್ ಕೊನೆಯುಸಿರೆಳೆದದ್ದು ಮುಂಬೈಯಲ್ಲಿ, 1965ರಲ್ಲಿ. ಇಷ್ಟೆಲ್ಲ ಹೊರಜಗತ್ತಿನ ನಂಟಿದ್ದರೂ ಸಯೀದ್ ತನ್ನ ಪ್ರಜೆಗಳಿಗೆ ಮಾತ್ರ ಹೊರಗಿನ ಗಾಳಿ ಸೋಕದಂತೆ ನೋಡಿಕೊಂಡ. 1970ರಲ್ಲಿ ಇಡೀ ದೇಶಕ್ಕೆ ಇದ್ದದ್ದು ಮೂರು ಶಾಲೆ, ಹತ್ತು ಕಿಲೋಮೀಟರಿನಷ್ಟು ಡಾಂಬರು ರಸ್ತೆ! ಧೋಫಾರಿನ ಗುಡ್ಡಗಾಡಿನ ಜನ ಬಂದೂಕು ಹಿಡಿದರು. ಪಕ್ಕದ ದಕ್ಷಿಣ ಯೆಮನ್ ಮತ್ತು ಅದರ ಬೆನ್ನಿಗಿದ್ದ ಕಮ್ಯುನಿಸ್ಟ್ ದೇಶಗಳಿಂದ ಅವರಿಗೆ ಶಸ್ತ್ರಾಸ್ತ್ರ ಬಂತು. 1970ರ ಜುಲೈ 23ರಂದು ಮಗ ಖಾಬೂಸ್ ಬ್ರಿಟಿಷರ ನೆರವಿನಿಂದ ತಂದೆಯನ್ನೇ ಪಟ್ಟದಿಂದ ಇಳಿಸಿ ತಾನು ಸುಲ್ತಾನನಾದ. ಅದರ ಬೆನ್ನಲ್ಲೇ ಎಸ್.ಎ.ಎಸ್. ಸೈನಿಕರು ಬಂದರು. ಯುದ್ಧಕ್ಕೆ ಬಂದಿದ್ದೇವೆಂದು ಹೇಳುವಂತಿರಲಿಲ್ಲ. ಕಾಗದಪತ್ರದಲ್ಲಿ ಅವರ ಹೆಸರು 'ತರಬೇತಿ ತಂಡ'.

ಮಿರ್ಬಾತ್‌ನಲ್ಲಿದ್ದ ತಂಡದ ನಾಯಕ ಕ್ಯಾಪ್ಟನ್ ಮೈಕ್ ಕೀಲಿ. ವಯಸ್ಸು 23. ತಂಡದ ಅವಧಿ ಮುಗಿದಿತ್ತು, ಊರಿಗೆ ಹೊರಡುವ ಹೊತ್ತು. ಬೆಳಗಿನ ಜಾವ ಗುಂಡಿನ ಸದ್ದು ಕೇಳಿ ಕೀಲಿ ಹವಾಯಿ ಚಪ್ಪಲಿಯಲ್ಲೇ ಮಾಳಿಗೆ ಹತ್ತಿ ನೋಡಿದ. ತುಂತುರು ಮಳೆ, ತಲೆಗೆ ತಾಗುವಷ್ಟು ಕೆಳಗಿಳಿದ ಮೋಡ. ಅದರ ಮರೆಯಲ್ಲಿ ಸಾಲುಸಾಲಾಗಿ ಜನ ಇಳಿದು ಬರುತ್ತಿದ್ದರು. ಮೋಡವಿದ್ದರೆ ವಿಮಾನ ಬರಲಾರದು, ಅದಕ್ಕೇ ಅವರು ಮಳೆಗಾಲವನ್ನು ಆರಿಸಿಕೊಂಡಿದ್ದರು. ಸರ್ಕಾರದ ಕಡೆಗಿದ್ದ ಸ್ಥಳೀಯ ಹೋರಾಟಗಾರರಲ್ಲಿ ಹೆಚ್ಚಿನವರನ್ನು ಹಿಂದಿನ ದಿನವೇ ಉಪಾಯದಿಂದ ಊರ ಹೊರಗೆ ಸೆಳೆದಿದ್ದರು. ಬಂದವರು ದರೋಡೆಕೋರರಲ್ಲ, ಪಳಗಿದ ಯೋಧರು.

ಎಸ್.ಎ.ಎಸ್. ಮನೆಯಲ್ಲಿ ಒಂದು ಮಾರ್ಟರ್, ಎರಡು ಮಷೀನ್‌ಗನ್ ಇದ್ದವು. ಅಲ್ಲಿಂದ ಸುಮಾರು ಅರ್ಧ ಕಿಲೋಮೀಟರು ದೂರದಲ್ಲಿ, ಪೊಲೀಸ್ ಪಡೆಯ ಕೋಟೆಯ ಮಗ್ಗುಲಲ್ಲಿ, ಎರಡನೇ ಮಹಾಯುದ್ಧದ ಕಾಲದ ಒಂದು ಹಳೇ ಫಿರಂಗಿ. 25 ಪೌಂಡ್ ಗುಂಡು ಹಾರಿಸುವ ಅದನ್ನು ನಡೆಸಲು ಆರು ಮಂದಿ ಬೇಕು. ಸಾರ್ಜೆಂಟ್ ತಲಾಯಾಸಿ ಲಬಲಬಾ ಅಲ್ಲಿಗೆ ಓಡಿದ. ದೂರದ ಫಿಜಿ ದ್ವೀಪದವನು, ಆಜಾನುಬಾಹು. ಒಮಾನಿ ಗೋಲಂದಾಜ ವಾಲಿದ್ ಖಮೀಸ್ ಅವನ ಜೊತೆಗಿದ್ದ. ಅವನಿಗೆ ಗುಂಡು ತಗಲಿದ ಮೇಲೆ ಲಬಲಬಾ ಒಬ್ಬನೇ ಗುಂಡು ತುಂಬಿದ, ಗುರಿ ಹಿಡಿದ, ಹಾರಿಸಿದ, ಮತ್ತೆ ತುಂಬಿದ. ಫಿರಂಗಿ ಸಾಮಾನ್ಯವಾಗಿ ದೂರಕ್ಕೆ ಹೊಡೆಯುವ ಆಯುಧ. ಅವನು ಅದರ ಮೂತಿಯನ್ನು ನೆಲಕ್ಕೆ ಸಮವಾಗಿ ಇಳಿಸಿ, ಮುಳ್ಳುತಂತಿ ಬೇಲಿ ದಾಟುತ್ತಿದ್ದವರಿಗೆ ನೇರವಾಗಿ ಹೊಡೆಯುತ್ತಿದ್ದ.

ಸ್ವಲ್ಪ ಹೊತ್ತಿಗೆ ವೈರ್‌ಲೆಸ್‌ನಲ್ಲಿ ಅವನ ದನಿ ಬಂತು. ಗಲ್ಲಕ್ಕೆ ಗುಂಡು ಸವರಿಕೊಂಡು ಹೋಗಿದೆಯಂತೆ. ಅದನ್ನು ಕೇಳಿದ ಇನ್ನೊಬ್ಬ ಫಿಜಿ ಸೈನಿಕ ಟಕವೇಸಿ ಆ ಬಯಲನ್ನು ಗುಂಡಿನ ಮಳೆಯಲ್ಲೇ ಓಡಿ ದಾಟಿ ಗೆಳೆಯನನ್ನು ಸೇರಿಕೊಂಡ. ಟಕವೇಸಿಗೂ ಗುಂಡು ತಗಲಿತು. ಗೋಡೆಗೆ ಒರಗಿ ಕುಳಿತೇ ಬಂದೂಕು ನಡೆಸಿದ. ಹತ್ತಿರದಲ್ಲಿದ್ದ ಸಣ್ಣ ಮಾರ್ಟರ್ ತರಲು ತೆವಳಿದ ಲಬಲಬಾನ ಕುತ್ತಿಗೆಗೆ ಗುಂಡು ಬಡಿಯಿತು. ಅಲ್ಲಿಗೆ ಮುಗಿಯಿತು.

ನಮ್ಮಂಥ ರೇಡಿಯೋದವರಿಗೆ ಮೌನದಷ್ಟು ಭಯ ಬೇರೆ ಯಾವುದಕ್ಕೂ ಇಲ್ಲ. ಕೀಲಿ ಎಷ್ಟು ಕರೆದರೂ ಫಿರಂಗಿಯ ಕಡೆಯಿಂದ ಉತ್ತರವಿಲ್ಲ. ಆತ ಬೂಟು ಹಾಕಿಕೊಂಡು, ಶುಶ್ರೂಷೆ ಬಲ್ಲ ಟಾಮಿ ಟೋಬಿನ್‌ನನ್ನು ಕರೆದುಕೊಂಡು ಹೊರಟ. ಇಬ್ಬರೂ ತಲುಪಿದರು. ಆದರೆ ಟೋಬಿನ್ ಮುಖಕ್ಕೆ ಗುಂಡು ಬಿತ್ತು. ಮುಂದೆ ಆಸ್ಪತ್ರೆಯಲ್ಲಿ ತೀರಿಕೊಂಡ. ಕೆಲವೇ ಅಡಿ ದೂರದಿಂದ ಗ್ರೆನೇಡುಗಳು ಬರುತ್ತಿದ್ದವು. ಒಂದು ಉರುಳಿಕೊಂಡು ಪಕ್ಕಕ್ಕೇ ಬಂತು, ಸಿಡಿಯಲಿಲ್ಲ. ಆಯುಷ್ಯ ಗಟ್ಟಿಯಿತ್ತು!

ಅಷ್ಟರಲ್ಲಿ ಯಾರೂ ನಿರೀಕ್ಷಿಸದ ಸದ್ದು. ಸುಲ್ತಾನನ ವಾಯುಪಡೆಯ ಸ್ಟ್ರೈಕ್‌ಮಾಸ್ಟರ್ ಜೆಟ್‌ಗಳು ಮೋಡದ ಅಡಿಯಲ್ಲಿ, ಕಡಲಿಗೆ ಹೊಟ್ಟೆ ತಾಗುವಷ್ಟು ತಗ್ಗಿನಲ್ಲಿ ನುಗ್ಗಿ ಬಂದವು. ಈ ತಂಡವನ್ನು ಬಿಡುಗಡೆ ಮಾಡಲೆಂದು ಹಿಂದಿನ ದಿನವಷ್ಟೇ ಸಲಾಲಾ ಪಟ್ಟಣಕ್ಕೆ ಬಂದಿದ್ದ ಇನ್ನೊಂದು ಎಸ್.ಎ.ಎಸ್. ತುಕಡಿ ಹೆಲಿಕಾಪ್ಟರಿನಲ್ಲಿ ಸಮುದ್ರತೀರಕ್ಕೆ ಬಂದಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಬಂಡುಕೋರರು ಹಿಂದೆ ಸರಿದರು. ಅವರ ಕಡೆಯ 38 ಶವಗಳು ಅಲ್ಲೇ ಉಳಿದಿದ್ದವು. ಸತ್ತವರು ಅದಕ್ಕಿಂತ ಹೆಚ್ಚೇ ಇದ್ದಿರಬೇಕು. ಒಂಬತ್ತರಲ್ಲಿ ಹೋದವರು ಇಬ್ಬರು.

ಈಗ ಲೆಕ್ಕಕ್ಕೆ ಬರೋಣ. ನಿಜವಾಗಿ ಕಾದಿದ್ದು ಒಂಬತ್ತೇ ಮಂದಿಯೇ? ಗಾಯಗೊಂಡು ಬಿದ್ದ ವಾಲಿದ್ ಖಮೀಸ್ ಇದ್ದ. ಗುಡ್ಡದ ಮೇಲಿನ ಕಾವಲುಠಾಣೆಯಲ್ಲಿ ಮೊದಲು ಬಲಿಯಾದ ಸ್ಥಳೀಯ ಪೊಲೀಸರಿದ್ದರು. ಹಳೇ ಕೋವಿ ಹಿಡಿದು ಕೋಟೆ ಕಾಯ್ದ ಕಾವಲುಗಾರರಿದ್ದರು. ಕಥೆ ಬರೆದವರಿಗೆ 'ಒಂಬತ್ತು' ಎಂಬುದು ಚೆಂದದ ಸಂಖ್ಯೆಯಾಯಿತು, ಉಳಿದವರು ಅಂಚಿಗೆ ಸರಿದರು.

ಇನ್ನೊಂದು ಮಾತು. ಆ ಬೆಳಗ್ಗೆ ಊರು ಉಳಿಯಿತು, ನಿಜ. ಬಂಡುಕೋರರು ಅಷ್ಟು ದೊಡ್ಡ ಪಡೆ ಕಟ್ಟಿ ಊರಿನ ಮೇಲೆ ಬೀಳುವ ಧೈರ್ಯ ಮತ್ತೆ ಮಾಡಲಿಲ್ಲ. ಆದರೆ ಯುದ್ಧ ಮುಗಿದದ್ದು 1975ರ ಡಿಸೆಂಬರಿನಲ್ಲಿ, ಇರಾನ್ ಮತ್ತು ಜೋರ್ಡಾನ್ ಸೈನಿಕರೂ ಬಂದ ಮೇಲೆ. ಮುಗಿಸಿದ್ದು ಫಿರಂಗಿಯೊಂದೇ ಅಲ್ಲ. ಗುಡ್ಡದ ಮೇಲೆ ಕೊಳವೆಬಾವಿ ಕೊರೆದರು, ಜನಕ್ಕೂ ದನಕ್ಕೂ ವೈದ್ಯರನ್ನು ಕಳಿಸಿದರು, ಶಾಲೆ ತೆರೆದರು, ಶರಣಾದವರನ್ನು ಕ್ಷಮಿಸಿ ತಮ್ಮ ಕಡೆ ಸೇರಿಸಿಕೊಂಡರು. ಮೊದಲೇ ಇಷ್ಟು ಮಾಡಿದ್ದರೆ ಲಬಲಬಾ ಸಾಯಬೇಕಿತ್ತೇ? ಎದುರಿಗಿದ್ದ ಆ ನೂರಾರು ಯುವಕರು ತಾನೇ ಏಕೆ ಸಾಯಬೇಕಿತ್ತು?

ನಮ್ಮ ಕಸುಬಿನ ಒಂದು ಸಂಗತಿಯೂ ಇದರಲ್ಲಿದೆ. ಬಂಡುಕೋರರ ಪ್ರಚಾರ ರೇಡಿಯೋ ಏಡನ್‌ನಿಂದ ಬರುತ್ತಿತ್ತು. ಅದಕ್ಕೆ ಎದುರಾಗಿ ರೇಡಿಯೋ ಧೋಫಾರ್ ಆರಂಭವಾಯಿತು. ಗುಡ್ಡದ ಜನಕ್ಕೆ ಟ್ರಾನ್ಸಿಸ್ಟರುಗಳನ್ನು ಪುಕ್ಕಟೆ ಹಂಚಿದಾಗ ಬಂಡುಕೋರರು ಕಿತ್ತುಕೊಂಡರು, ಯಾರೂ ಬೇಸರಿಸಲಿಲ್ಲ. ಆಮೇಲೆ ಅದನ್ನೇ ಸಂತೆಯಲ್ಲಿ ಅಗ್ಗದ ಬೆಲೆಗೆ ಮಾರಿದರು. ಸ್ವಂತ ದುಡ್ಡು ಕೊಟ್ಟು ತಂದದ್ದನ್ನು ಕಿತ್ತುಕೊಂಡರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಸಿಟ್ಟು ಬಂಡುಕೋರರ ಮೇಲೆಯೇ ತಿರುಗಿತು!

ಕೊನೆಗೆ ಪದಕದ ಮಾತು. ಯುದ್ಧವೇ ಗುಟ್ಟಾಗಿದ್ದುದರಿಂದ ಸನ್ಮಾನವೂ ಗುಟ್ಟಾಗಿಯೇ ನಡೆಯಿತು. ಕೀಲಿ, ಟಕವೇಸಿ, ಟೋಬಿನ್ ಅವರಿಗೆ ಶೌರ್ಯ ಪದಕಗಳು ಬಂದವು. ಲಬಲಬಾನ ಪಾಲಿಗೆ ಬಂದದ್ದು ಸೇನಾ ವರದಿಯಲ್ಲಿ ಒಂದು ಉಲ್ಲೇಖ, ಅಷ್ಟೇ. ವಿಕ್ಟೋರಿಯಾ ಕ್ರಾಸ್ ಕೊಡಬೇಕೆಂದು ಅವನ ಜೊತೆಗಾರರು ಇಂದಿಗೂ ಕೇಳುತ್ತಿದ್ದಾರೆ. ಕೀಲಿ 1979ರಲ್ಲಿ ವೇಲ್ಸ್‌ನ ಬೆಟ್ಟದಲ್ಲಿ ತರಬೇತಿ ನಡಿಗೆಯ ವೇಳೆ ಚಳಿಗೆ ಸಿಕ್ಕಿ ಸತ್ತ. 2018ರಲ್ಲಿ ಫಿಜಿಯ ನಾಂದಿ ವಿಮಾನ ನಿಲ್ದಾಣದಲ್ಲಿ ಲಬಲಬಾನ ಪ್ರತಿಮೆ ಎದ್ದಿತು.

ಮುಂದಿನ ಸಲ ಜುಲೈ ಮಳೆಯಲ್ಲಿ ಲೋಕಲ್ ಟ್ರೈನಿಗೆ ಕಾಯುತ್ತ ನಿಂತಾಗ ಕಡಲಿನ ಕಡೆ ಒಮ್ಮೆ ನೋಡಿ. ಅದೇ ಮೋಡದ ಕೆಳಗೆ ಒಬ್ಬ ಫಿಜಿಯವನು, ಒಬ್ಬ ಒಮಾನಿ, ಹಳೆಯದೊಂದು ಫಿರಂಗಿಯ ಮುಂದೆ ಒಟ್ಟಿಗೆ ನಿಂತಿದ್ದರು. ಇಬ್ಬರ ಹೆಸರನ್ನೂ ನೆನಪಿಟ್ಟುಕೊಳ್ಳಿ. ಮತ್ತೆ ಸಿಗೋಣ.