ರೂಮಿಗೆ ಬಂದ ಊಟ

ಫ್ರಾನ್ಸಿನ ದಕ್ಷಿಣದಲ್ಲಿ, ಪಿರೆನೀಸ್ ಬೆಟ್ಟಗಳ ಬುಡಕ್ಕೆ ಲೂರ್ದ್ ಅಂತ ಒಂದು ಊರಿದೆ. 1858ರಲ್ಲಿ ಬರ್ನಡೆಟ್ ಎಂಬ ಬಡ ಹುಡುಗಿಗೆ ಅಲ್ಲಿನ ಗವಿಯಲ್ಲಿ ಮೇರಿ ಮಾತೆ ಕಾಣಿಸಿಕೊಂಡಳು ಅನ್ನೋದು ಕ್ಯಾಥೊಲಿಕರ ನಂಬಿಕೆ. ಕಾಯಿಲೆಯವರು ಸ್ಟ್ರೆಚರ್, ಗಾಲಿಕುರ್ಚಿ ಸಮೇತ ಹೋಗುವ ಯಾತ್ರಾಸ್ಥಳ ಅದು. ಅಂಥ ಊರಿನಲ್ಲೇ 1960ರ ದಶಕದ ಕೊನೆಯಲ್ಲಿ ಒಂದು ಕುಟುಂಬಕ್ಕೆ ಎಲ್ಲರ ಜೊತೆ ಕೂತು ಉಣ್ಣೋಕೆ ಜಾಗ ಸಿಗಲಿಲ್ಲ.

ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು. ಇಬ್ಬರು ಮಕ್ಕಳಿಗೂ ತೀವ್ರ ಬೌದ್ಧಿಕ ಅಂಗವೈಕಲ್ಯ. ಚರ್ಚಿನ ಕಡೆಯಿಂದ ಹೊರಟಿದ್ದ ಯಾತ್ರೆಗೆ ಹೆಸರು ಕೊಡಲು ಹೋದರೆ ಸೇರಿಸಿಕೊಳ್ಳಲಿಲ್ಲ. ಸರಿ, ತಾವೇ ಹೊರಟರು. ಲೂರ್ದ್‌ನಲ್ಲಿ ಒಂದು ಹೋಟೆಲ್‌ನವರು ರೂಮು ಕೊಟ್ಟರು, ಒಂದು ಷರತ್ತಿನ ಮೇಲೆ. ಊಟ ರೂಮಿನಲ್ಲೇ ಮಾಡಬೇಕು, ಬೇರೆ ಗಿರಾಕಿಗಳ ಕಣ್ಣಿಗೆ ಬೀಳಬಾರದು.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನನ್ನದೇ ಮದುವೆ. ನಮ್ಮ ಅತ್ತೆಯ ಮಗನೂ ಇಂಥವನೇ, ನನಗಿಂತ ಎರಡು ವರ್ಷ ದೊಡ್ಡವನು. ಛತ್ರದ ಮೇಲಿನ ರೂಮಿಗೆ ಅವನ ಊಟ ಹೋಯಿತು. ಅತ್ತೆಯೂ ಅಲ್ಲೇ ಉಂಡರು. ಯಾರೂ ಷರತ್ತು ಹಾಕಿರಲಿಲ್ಲ. ಹಾಕುವ ಅಗತ್ಯವೇ ಬೀಳಲಿಲ್ಲ.

ಲೂರ್ದ್‌ನಿಂದ ವಾಪಸಾದ ಆ ತಂದೆತಾಯಿ ತಮ್ಮ ಸಂಕಟವನ್ನು ಮರಿ-ಎಲೆನ್ ಮಾತ್ಯೂ ಹತ್ತಿರ ಹೇಳಿಕೊಂಡರು. ಇಂಥ ಮಕ್ಕಳ ಶಿಕ್ಷಣದಲ್ಲಿ ತರಬೇತಾದ ಹೆಂಗಸು ಆಕೆ. 1963ರಲ್ಲೇ ಅಂಗವಿಕಲರು ಮತ್ತು ಅವರ ಮನೆಯವರಿಗಾಗಿ ಒಂದು ಕ್ರೈಸ್ತ ಸಂಸ್ಥೆ ಕಟ್ಟಿದ್ದರು, 1968ರಲ್ಲಿ ಒಂದು ಪತ್ರಿಕೆಯನ್ನೂ ಶುರು ಮಾಡಿದರು. ಆಕೆ ಮತ್ತು ಕೆನಡಾದ ಜಾನ್ ವಾನಿಯೆ ಸೇರಿ, ಈ ಮಕ್ಕಳಿಗೋಸ್ಕರವೇ ಒಂದು ಯಾತ್ರೆ ಮಾಡೋಣ ಅಂದರು.

ನನಗೆ ಇಷ್ಟವಾಗಿದ್ದು ಅದರ ತಯಾರಿ. ಮಕ್ಕಳನ್ನಷ್ಟೇ ಬಸ್ಸಿಗೆ ತುಂಬಿ ಕರೆದೊಯ್ಯಲಿಲ್ಲ. ಮಗು, ತಂದೆತಾಯಿ, ಜೊತೆಗೆ ಗೆಳೆಯರಾಗಿ ಒಂದಷ್ಟು ಹುಡುಗ ಹುಡುಗಿಯರು, ಹೀಗೆ ಸಣ್ಣ ಸಣ್ಣ ಗುಂಪು ಮಾಡಿದರು. ಆ ಗುಂಪುಗಳು ಮೊದಲೇ ಸೇರಿ ಪರಿಚಯವಾಗಬೇಕಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರಿಲೀಸಿಗಿಂತ ಟೆಸ್ಟಿಂಗೇ ಜಾಸ್ತಿ.

1971ರ ಈಸ್ಟರ್‌ಗೆ ಸುಮಾರು 12,000 ಜನ ಲೂರ್ದ್‌ಗೆ ಬಂದರು. ಅವರಲ್ಲಿ 4,000 ಮಂದಿ ಬೌದ್ಧಿಕ ಅಂಗವೈಕಲ್ಯ ಇರುವವರು. ಪ್ರಾರ್ಥನೆ, ಹಾಡು, ಕುಣಿತ, ಎಲ್ಲ ಬೀದಿಯಲ್ಲೇ. ಅಂಗವಿಕಲರ ಬಗ್ಗೆ ಫ್ರಾನ್ಸ್ ತನ್ನ ಮುಖ್ಯ ಕಾನೂನು ಮಾಡಿದ್ದು ಇದಾಗಿ ನಾಲ್ಕು ವರ್ಷಕ್ಕೆ, 1975ರಲ್ಲಿ.

ಯಾತ್ರೆ ಮುಗಿದ ಮೇಲೂ ಗುಂಪುಗಳು ಚದುರಲಿಲ್ಲ. ಅದೇ 'ಫೇತ್ ಅಂಡ್ ಲೈಟ್' ಆಯಿತು. ಅದು ಹಾಸ್ಟೆಲ್ಲೂ ಅಲ್ಲ, ಚಿಕಿತ್ಸಾಲಯವೂ ಅಲ್ಲ. ತಿಂಗಳಿಗೊಮ್ಮೆ ಕುಟುಂಬಗಳು ಸೇರ್ತವೆ, ಮಾತಾಡ್ತವೆ, ಪ್ರಾರ್ಥನೆ ಮಾಡ್ತವೆ, ಒಟ್ಟಿಗೆ ಉಣ್ತವೆ. ಇಷ್ಟೇನಾ ಅನ್ನಿಸಬಹುದು. ಛತ್ರದ ಆ ರೂಮಿನಲ್ಲಿ ಕೂತು ಉಂಡವರಿಗೆ ಹಾಗೆ ಅನ್ನಿಸಲಿಕ್ಕಿಲ್ಲ.

ವಾನಿಯೆ ವಿಷಯ ಮುಚ್ಚಿಡೋದು ತಪ್ಪಾಗುತ್ತೆ. 1964ರಲ್ಲಿ ಅವನು ಶುರು ಮಾಡಿದ ಲಾರ್ಶ್ ಸಂಸ್ಥೆಯ ಮನೆಗಳಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರು, ಇಲ್ಲದವರು ಒಟ್ಟಿಗೆ ಬದುಕುತ್ತಾರೆ. ಭಾರತದಲ್ಲಿ ಅಂಥ ಮೊದಲ ಮನೆ ನಮ್ಮ ಬೆಂಗಳೂರಿನದೇ, 1970ರ ಆಶಾ ನಿಕೇತನ. ಜನ ಅವನನ್ನು ಸಂತ ಅಂತಲೇ ಅಂದುಕೊಂಡಿದ್ದರು. 2019ರಲ್ಲಿ ಸತ್ತ. ಮರುವರ್ಷ ಲಾರ್ಶ್ ತಾನೇ ಮಾಡಿಸಿದ ತನಿಖೆಯ ವರದಿ ಹೊರಬಂತು. ಅವನು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದು ಬಯಲಾಯಿತು. 2023ರ ಇನ್ನೊಂದು ವರದಿಯಲ್ಲಿ ಆ ಮಹಿಳೆಯರ ಸಂಖ್ಯೆ 25 ಮುಟ್ಟಿತು. ಓದಿ ಎರಡು ದಿನ ಮನಸ್ಸು ಕೆಟ್ಟಿತ್ತು. ಆದರೂ ಒಂದು ಮಾತು. ಈ ಕಥೆಯನ್ನು ಇಷ್ಟು ದಿನ ಅವನಿಂದ ಶುರು ಮಾಡಿದ್ದೇ ತಪ್ಪಿರಬೇಕು. ಶುರು ಮಾಡಿದ್ದು ಹೋಟೆಲ್ ರೂಮಿನಲ್ಲಿ ಮಕ್ಕಳಿಗೆ ಊಟ ಮಾಡಿಸಿದ ಆ ತಂದೆತಾಯಿ.

ಮುಂದಿನ ತಿಂಗಳು ನಮ್ಮ ಫ್ಲ್ಯಾಟಿನ ಗೃಹಪ್ರವೇಶ. ಅತ್ತೆಗೆ ಫೋನ್ ಮಾಡಿ, "ಅವನನ್ನೂ ಕರ್ಕೊಂಡು ಬನ್ನಿ ಅತ್ತೆ, ಪಂಕ್ತಿಯಲ್ಲೇ ನನ್ನ ಪಕ್ಕ ಕೂರಲಿ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಅನ್ನ ಚೆಲ್ತಾನೆ ಕಣಪ್ಪ" ಅಂದರು.

ಚೆಲ್ಲಲಿ ಬಿಡಿ ಅಂದೆ. ಬರ್ತೀವಿ ಅಂತ ಇನ್ನೂ ಹೇಳಿಲ್ಲ. ಭಾನುವಾರ ಊರಿಗೆ ಹೋಗಿ ಇನ್ನೊಂದು ಸಲ ಕರೀಬೇಕು.