ನೀಲಿ ಬೆಳಕು ಮತ್ತು ಕಣ್ಣು: ಮೊಬೈಲ್ ಪರದೆಗೆ ಎಷ್ಟು ಹೆದರಬೇಕು?

ಮೊಬೈಲ್, ಟ್ಯಾಬ್, ಕಂಪ್ಯೂಟರ್ ಪರದೆಗಳಿಂದ ಬರುವ ನೀಲಿ ಬೆಳಕು ಕಣ್ಣನ್ನು ಹಾಳು ಮಾಡುತ್ತದೆ ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಕನ್ನಡಕದ ಅಂಗಡಿಗೆ ಹೋದರೆ 'ಬ್ಲೂ ಕಟ್' ಗಾಜು ಹಾಕಿಸಿಕೊಳ್ಳಿ ಎನ್ನುತ್ತಾರೆ. ಕಣ್ಣು ಉರಿದರೂ, ತಲೆ ನೋವು ಬಂದರೂ, ಅಕ್ಷರ ಮಸುಕಾದರೂ ಮನೆಯವರು ಮೊದಲು ದೂರುವುದು ಮೊಬೈಲನ್ನೇ. ಇದರಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ತಪ್ಪು ತಿಳಿವಳಿಕೆಯೂ ಇದೆ. ಈ ತಪ್ಪು ತಿಳಿವಳಿಕೆಯಿಂದ ಹಣ ಹೋಗುವುದಷ್ಟೇ ಅಲ್ಲ, ಬೇಗ ಪತ್ತೆಯಾಗಬೇಕಾದ ಕಣ್ಣಿನ ರೋಗ ತಡವಾಗಿ ಪತ್ತೆಯಾಗುತ್ತದೆ.

ಉದಾಹರಣೆಗಾಗಿ ಇಲ್ಲಿ ವಾರಾಣಸಿಯ ಭೇಲೂಪುರವನ್ನು ತೆಗೆದುಕೊಂಡಿದ್ದೇವೆ. ಅಲ್ಲಿಂದ ಗಂಗೆಯ ಕಡೆಗೆ ನಡೆದರೆ ಹನುಮಾನ್ ಘಾಟ್, ಕರ್ನಾಟಕ ಘಾಟ್, ಕೇದಾರ ಘಾಟ್ ಸಿಗುತ್ತವೆ. ಕಾಶಿಯಾತ್ರೆಗೆ ಬರುವ ಕನ್ನಡಿಗರು, ಅಲ್ಲೇ ನೆಲೆಸಿರುವ ದಕ್ಷಿಣ ಭಾರತದ ಕುಟುಂಬಗಳು, ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಲು ಬಂದು ಬಾಡಿಗೆ ಕೋಣೆಯಲ್ಲಿರುವ ಮಕ್ಕಳು, ಪಕ್ಕದ ಮದನ್‌ಪುರದ ನೇಕಾರರು, ದುರ್ಗಾಕುಂಡದ ಕೋಚಿಂಗ್ ತರಗತಿಗಳಿಗೆ ಹೋಗುವವರು, ಹೀಗೆ ಪರದೆ ನೋಡುವ ಎಲ್ಲ ಬಗೆಯ ಜನರೂ ಒಂದೇ ಪ್ರದೇಶದಲ್ಲಿ ಇದ್ದಾರೆ.

ನೀಲಿ ಬೆಳಕು ಎಂದರೇನು?

ನಾವು ಕಾಣುವ ಬೆಳಕಿನಲ್ಲಿ ಕೆಂಪಿನಿಂದ ನೇರಳೆಯವರೆಗಿನ ಎಲ್ಲ ಬಣ್ಣಗಳೂ ಸೇರಿವೆ. ಅದರಲ್ಲಿ ಸುಮಾರು 400ರಿಂದ 500 ನ್ಯಾನೊಮೀಟರ್ ತರಂಗಾಂತರದ ಭಾಗವನ್ನು ನೀಲಿ ಬೆಳಕು ಎನ್ನುತ್ತಾರೆ. ಈ ಬೆಳಕಿಗೆ ಕೆಂಪು ಬೆಳಕಿಗಿಂತ ಹೆಚ್ಚು ಶಕ್ತಿ ಇರುತ್ತದೆ. ಎಲ್‌ಇಡಿ ದೀಪ, ಟಿವಿ, ಮೊಬೈಲ್ ಎಲ್ಲವೂ ಇದನ್ನು ಹೊರಸೂಸುತ್ತವೆ ಎಂಬುದು ನಿಜ. ಆದರೆ ನೀಲಿ ಬೆಳಕಿನ ಅತಿ ದೊಡ್ಡ ಮೂಲ ಸೂರ್ಯ. ಮೋಡವಿಲ್ಲದ ದಿನ ಘಾಟಿನ ಮೆಟ್ಟಿಲ ಮೇಲೆ ನಿಂತು ಆಕಾಶದತ್ತ ನೋಡಿದಾಗ ಕಣ್ಣಿಗೆ ಬರುವ ನೀಲಿ ಬೆಳಕಿನ ಮುಂದೆ ಕೈಯಲ್ಲಿರುವ ಫೋನಿನ ಬೆಳಕು ಬಹಳ ಕಡಿಮೆ.

ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಇಲಾಖೆಯ ಸಂಶೋಧಕರು ದೀಪ, ಕಂಪ್ಯೂಟರ್, ಟ್ಯಾಬ್, ಫೋನುಗಳ ಬೆಳಕನ್ನು ಅಳೆದು 2016ರಲ್ಲಿ ವರದಿ ಪ್ರಕಟಿಸಿದರು. ಬಹಳ ಹೊತ್ತು ನೋಡಿದರೂ ಯಾವ ಪರದೆಯ ನೀಲಿ ಬೆಳಕೂ ಅಂತರರಾಷ್ಟ್ರೀಯ ಸುರಕ್ಷತಾ ಮಿತಿಯ ಹತ್ತಿರಕ್ಕೂ ಬರಲಿಲ್ಲ. ಪರದೆಯ ಬೆಳಕಿನಿಂದ ಕಣ್ಣಿನ ಒಳಪದರವಾದ ರೆಟಿನಾ ಹಾಳಾಗುತ್ತದೆ, ಕುರುಡುತನ ಬರುತ್ತದೆ ಎನ್ನಲು ಆಧಾರವಿಲ್ಲ.

ನೀಲಿ ಬೆಳಕಿನಿಂದ ಹಾನಿ ಆಗುವುದೇ ಇಲ್ಲವೇ?

ಆಗುತ್ತದೆ, ಸೂರ್ಯನನ್ನು ದಿಟ್ಟಿಸಿ ನೋಡಿದಾಗ. 2009ರ ಜುಲೈ 22ರ ಬೆಳಿಗ್ಗೆ ವಾರಾಣಸಿಯಲ್ಲಿ ಪೂರ್ಣ ಸೂರ್ಯಗ್ರಹಣ ಕಾಣಿಸಿತು. 2019ರ ಡಿಸೆಂಬರ್ 26ರಂದು ಕಾಸರಗೋಡು, ಮಂಗಳೂರು, ಕೊಡಗಿನಲ್ಲಿ ಕಂಕಣ ಗ್ರಹಣ ಕಂಡಿತು. ಇಂಥ ದಿನಗಳಲ್ಲಿ ವೈದ್ಯರು ಬರಿಗಣ್ಣಿನಿಂದ ನೋಡಬೇಡಿ ಎಂದು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣವಿದೆ. ಸೂರ್ಯನ ತೀಕ್ಷ್ಣ ಬೆಳಕು, ಅದರಲ್ಲೂ ಅದರ ನೀಲಿ ಭಾಗ, ರೆಟಿನಾದ ನಡುವಿನ ಸೂಕ್ಷ್ಮ ಜಾಗವನ್ನು ಕೆಲವೇ ಕ್ಷಣಗಳಲ್ಲಿ ಕೆಡಿಸಬಲ್ಲದು. ರೆಟಿನಾಕ್ಕೆ ನೋವು ತಿಳಿಯುವ ನರಗಳಿಲ್ಲ. ಹಾಗಾಗಿ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ಕೆಲವು ಗಂಟೆಗಳ ನಂತರ ಅಥವಾ ಮರುದಿನ, ನೋಡುವ ವಸ್ತುವಿನ ನಟ್ಟನಡುವೆಯೇ ಕಪ್ಪು ಚುಕ್ಕೆ ಕಾಣಿಸತೊಡಗುತ್ತದೆ. ಇದಕ್ಕೆ ಖಚಿತ ಚಿಕಿತ್ಸೆ ಇಲ್ಲ. ಹಲವರಿಗೆ ತಿಂಗಳುಗಳಲ್ಲಿ ಸುಧಾರಿಸುತ್ತದೆ, ಕೆಲವರಿಗೆ ಕೊರತೆ ಉಳಿದುಬಿಡುತ್ತದೆ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಸಾಮಾನ್ಯ ಕಪ್ಪು ಕನ್ನಡಕ ಇವು ಯಾವುವೂ ರಕ್ಷಣೆ ಕೊಡುವುದಿಲ್ಲ.

ಗಂಗೆಯಲ್ಲಿ ನಿಂತು ಅರ್ಘ್ಯ ಕೊಡುವ ಹಿರಿಯರಿಗೂ ಇದನ್ನು ಮೃದುವಾಗಿ ತಿಳಿಸಿ. ಕೈ ಮುಗಿಯಲು ಸೂರ್ಯನ ಬಿಂಬವನ್ನೇ ದಿಟ್ಟಿಸಬೇಕಾಗಿಲ್ಲ. ನೀರಿನ ಧಾರೆಯ ಮೂಲಕ ನೋಡಿದರೆ ಕಣ್ಣಿಗೆ ಒಳ್ಳೆಯದು ಎಂಬುದು ನಂಬಿಕೆ ಮಾತ್ರ, ನೀರು ಬೆಳಕನ್ನು ತಡೆಯುವುದಿಲ್ಲ. ಫೋನಿನ ನೀಲಿ ಬೆಳಕಿಗೆ ಹೆದರುವ ಎಷ್ಟೋ ಮನೆಗಳಲ್ಲಿ ಈ ಅಪಾಯದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಹಾಗಾದರೆ ಪರದೆ ನೋಡಿದಾಗ ಕಣ್ಣು ಯಾಕೆ ಉರಿಯುತ್ತದೆ?

ಮುಖ್ಯ ಕಾರಣ ರೆಪ್ಪೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪ್ರತಿ ಸಲವೂ ಕಣ್ಣಿನ ಮೇಲೆ ಕಣ್ಣೀರಿನ ತೆಳುವಾದ ಪದರ ಹರಡುತ್ತದೆ. ಪರದೆಯಲ್ಲಿ ಮುಳುಗಿದಾಗ ರೆಪ್ಪೆ ಬಡಿಯುವುದು ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಬಡಿದರೂ ಪೂರ್ತಿ ಮುಚ್ಚುವುದಿಲ್ಲ. ಕಣ್ಣು ಒಣಗುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ಕೆಂಪಾಗುತ್ತದೆ. ಒಣಗಿದ ಕಣ್ಣಿನಿಂದ ನೀರು ಸುರಿಯುವುದೂ ಉಂಟು, ಅದನ್ನು ನೋಡಿ ಕಣ್ಣು ಒಣಗಿಲ್ಲ ಎಂದುಕೊಳ್ಳಬೇಡಿ. ವಾರಾಣಸಿಯ ಬೇಸಿಗೆಯ ಬಿಸಿಗಾಳಿ, ರಸ್ತೆಯ ಧೂಳು, ಮುಖಕ್ಕೇ ಬೀಸುವ ಫ್ಯಾನು ಅಥವಾ ಎಸಿ ಇದನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಎರಡನೆಯ ಕಾರಣ ಹತ್ತಿರದ ನೋಟ. ಹತ್ತಿರದ್ದನ್ನು ನೋಡುವಾಗ ಕಣ್ಣಿನೊಳಗಿನ ಸ್ನಾಯು ಬಿಗಿಯಾಗಿಯೇ ಇರಬೇಕು. ಇದಕ್ಕೆ ಮದನ್‌ಪುರದ ಕೆಲಸವೇ ಒಳ್ಳೆಯ ನಿದರ್ಶನ. ಬನಾರಸಿ ಸೀರೆಯ ವಿನ್ಯಾಸವನ್ನು ಹಿಂದೆ ಚೌಕುಳಿ ಕಾಗದದ ಮೇಲೆ ಒಂದೊಂದೇ ಚೌಕ ತುಂಬಿ ಬಿಡಿಸುತ್ತಿದ್ದರು. ಅದನ್ನು ನೋಡಿಕೊಂಡು ಜಕಾರ್ಡ್ ಮಗ್ಗದ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಿದ್ದರು. ಈಗ ಬಹಳಷ್ಟು ವಿನ್ಯಾಸ ಕಂಪ್ಯೂಟರಿನಲ್ಲಿ ಆಗುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಆದರೂ ಗಂಟೆಗಟ್ಟಲೆ ಸಣ್ಣ ಚೌಕಗಳನ್ನು ನೋಡಿದರೆ ಕಣ್ಣು ಸೋಲುತ್ತದೆ. ಪರದೆಯ ಮುಂದೆ ಸೋಲುವುದೂ ಬಹುಮಟ್ಟಿಗೆ ಅದೇ ಕಾರಣಕ್ಕೆ.

ಮೂರನೆಯದು, ಕನ್ನಡಕದ ನಂಬರ್ ಸರಿಯಿಲ್ಲದಿರುವುದು. 40 ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ, ನಾವು ಚಾಳೀಸು ಎನ್ನುವುದು ಇದಕ್ಕೇ. 'ಮೊಬೈಲ್ ನೋಡಿ ನೋಡಿ ಹೀಗಾಯಿತು' ಎಂದು ಎರಡು ಮೂರು ವರ್ಷ ತಳ್ಳುವವರು ಬಹಳ. ಸರಿಯಾದ ಚಾಳೀಸು ಕನ್ನಡಕ ಹಾಕಿದ ದಿನವೇ ಅವರ ತಲೆನೋವು ನಿಲ್ಲುವುದೂ ಉಂಟು.

ಬ್ಲೂ ಕಟ್ ಕನ್ನಡಕ ಬೇಕೇ?

ಕಣ್ಣಿನ ಆಯಾಸ ಕಡಿಮೆಯಾಗಲಿ ಎಂಬ ಉದ್ದೇಶಕ್ಕಾದರೆ ಬೇಡ. 2023ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ ಗಾಜುಗಳ ಮೇಲೆ ನಡೆದ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಸಾಮಾನ್ಯ ಗಾಜಿಗಿಂತ ಇವು ಕಣ್ಣಿನ ಆಯಾಸವನ್ನು ಹೆಚ್ಚು ಕಡಿಮೆ ಮಾಡುತ್ತವೆ ಎಂದು ಕಂಡುಬರಲಿಲ್ಲ. ಆ ಪ್ರಯೋಗಗಳೆಲ್ಲ ಕಡಿಮೆ ಅವಧಿಯವು ಎಂಬುದನ್ನೂ ಹೇಳಬೇಕು. ಸಾಮಾನ್ಯವಾಗಿ ಈ ಗಾಜುಗಳು ತಡೆಯುವುದು ನೀಲಿ ಬೆಳಕಿನ 10ರಿಂದ 25 ಶೇಕಡಾ ಭಾಗವನ್ನು ಮಾತ್ರ. ಅಮೆರಿಕದ ನೇತ್ರತಜ್ಞರ ಅಕಾಡೆಮಿ ಇವನ್ನು ಶಿಫಾರಸು ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಈ ಗಾಜುಗಳ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ಕೊಟ್ಟ ದೊಡ್ಡ ಕನ್ನಡಕ ಕಂಪನಿಯೊಂದಕ್ಕೆ 2017ರಲ್ಲಿ 40,000 ಪೌಂಡ್ ದಂಡ ಬಿತ್ತು.

ಈಗಾಗಲೇ ಕೊಂಡಿದ್ದರೆ ಎಸೆಯಬೇಕಾಗಿಲ್ಲ, ಅದರಿಂದ ಕೆಡುಕಿಲ್ಲ. ಹೊಸದಾಗಿ ಮಾಡಿಸುವುದಾದರೆ ಅದೇ ಹಣದಲ್ಲಿ ನಂಬರ್ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚೆಯೂ ಇದೇ ಪ್ರಶ್ನೆ ಏಳುತ್ತದೆ: ಹಳದಿ ಛಾಯೆಯ ಲೆನ್ಸ್ ಹಾಕಿಸಬೇಕೇ, ಪಾರದರ್ಶಕ ಲೆನ್ಸ್ ಸಾಕೇ? ಹಳದಿ ಲೆನ್ಸ್ ರೆಟಿನಾವನ್ನು ಹೆಚ್ಚು ಕಾಪಾಡುತ್ತದೆ ಎನ್ನಲು ಸ್ಪಷ್ಟ ಪುರಾವೆ ಸಿಕ್ಕಿಲ್ಲ. ಎರಡರಲ್ಲಿ ಯಾವುದಾದರೂ ಸರಿ. ಇನ್ನೊಂದು ವಿಷಯ: ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ದಿನ, ಕೆಲವರಿಗೆ ಕೆಲವು ವಾರ, ಎಲ್ಲವೂ ನೀಲಿಯಾಗಿ ಕಾಣಬಹುದು. ವಯಸ್ಸಿನೊಂದಿಗೆ ಹಳದಿಯಾಗಿದ್ದ ಹಳೆಯ ಲೆನ್ಸ್ ಹೋಗಿ ನೀಲಿ ಬೆಳಕು ಮತ್ತೆ ಒಳಗೆ ಬರುವುದರಿಂದ ಹೀಗಾಗುತ್ತದೆ. ಅಮ್ಮ 'ಗೋಡೆಯೆಲ್ಲ ನೀಲಿ ಕಾಣುತ್ತಿದೆ' ಎಂದರೆ ಗಾಬರಿಯಾಗಬೇಡಿ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತಿಳಿಸಿ. ನೋವು, ಕೆಂಪು, ದೃಷ್ಟಿ ಇಳಿಕೆ ಇದ್ದರೆ ಮಾತ್ರ ಅಂದೇ ಹೋಗಬೇಕು. ವೈದ್ಯರು ಸರಿ ಎನ್ನುವವರೆಗೆ ಗಂಗಾಸ್ನಾನದಲ್ಲಿ ತಲೆ ಮುಳುಗಿಸುವುದು ಬೇಡ.

ನಿದ್ರೆಯ ಮೇಲೆ ಪರಿಣಾಮ ಇದೆಯೇ?

ಇದೆ. ನೀಲಿ ಬೆಳಕಿನ ಮಾತು ನಿಜವಾಗಿ ಲೆಕ್ಕಕ್ಕೆ ಬರುವುದು ಇಲ್ಲಿ. ರೆಟಿನಾದಲ್ಲಿ ಹಗಲು ರಾತ್ರಿಯನ್ನು ಮಿದುಳಿಗೆ ತಿಳಿಸುವ ಜೀವಕೋಶಗಳಿವೆ. 480 ನ್ಯಾನೊಮೀಟರ್ ಆಸುಪಾಸಿನ ನೀಲಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ರಾತ್ರಿ ಪ್ರಖರ ಬೆಳಕು ಬಿದ್ದರೆ ನಿದ್ರೆ ತರುವ ಮೆಲಟೋನಿನ್ ತಡವಾಗಿ ಏರುತ್ತದೆ. 2015ರಲ್ಲಿ ಪ್ರಕಟವಾದ ಹಾರ್ವರ್ಡ್ ಸಂಶೋಧಕರ ಅಧ್ಯಯನದಲ್ಲಿ, ಮಲಗುವ ಮುಂಚೆ 4 ಗಂಟೆ ಬೆಳಗುವ ಪರದೆಯಲ್ಲಿ ಓದಿದವರಿಗೆ ಮುದ್ರಿತ ಪುಸ್ತಕ ಓದಿದಾಗಿಗಿಂತ ಸುಮಾರು 10 ನಿಮಿಷ ತಡವಾಗಿ ನಿದ್ರೆ ಬಂತು. ದೊಡ್ಡ ಅಂತರವೇನಲ್ಲ. ಒಂದಾದ ಮೇಲೊಂದು ವಿಡಿಯೊ ನೋಡುತ್ತಾ ಹೋಗಿ ನಾವೇ ಕಳೆದುಕೊಳ್ಳುವ ನಿದ್ರೆ ಇದಕ್ಕಿಂತ ಹೆಚ್ಚು.

ಫೋನಿನ 'ನೈಟ್ ಮೋಡ್' ಪರದೆಯನ್ನು ಹಳದಿ ಮಾಡುತ್ತದೆ. ಅದರಿಂದ ನಿದ್ರೆ ಸುಧಾರಿಸುತ್ತದೆಯೇ ಎಂದು ಅಮೆರಿಕದ ಒಂದು ವಿಶ್ವವಿದ್ಯಾಲಯ 167 ಯುವಜನರಲ್ಲಿ ನೋಡಿ 2021ರಲ್ಲಿ ಪ್ರಕಟಿಸಿತು. ಅದನ್ನು ಹಾಕಿಕೊಂಡವರಿಗೂ ಹಾಕಿಕೊಳ್ಳದವರಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಬಣ್ಣ ಬದಲಿಸುವುದಕ್ಕಿಂತ ಪರದೆಯ ಬೆಳಕನ್ನು ಇಳಿಸಿ, ಮಲಗುವುದಕ್ಕೆ ಒಂದು ಗಂಟೆ ಮುಂಚೆ ಫೋನನ್ನು ಹಾಸಿಗೆಯಿಂದ ದೂರವಿಡಿ. ಬೆಳಿಗ್ಗೆ ಎದ್ದು ಅರ್ಧ ಗಂಟೆ ಹೊರಗೆ ನಡೆದರೆ ರಾತ್ರಿಯ ನಿದ್ರೆಗೂ ಅನುಕೂಲ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ರಾತ್ರಿ ಕಳೆಯುವ ಮನೆಯವರು ಕತ್ತಲಲ್ಲಿ ಫೋನ್ ನೋಡುತ್ತಾ ಕೂರುವುದುಂಟು. ಬೇರೆ ದಾರಿ ಇಲ್ಲದಿದ್ದರೆ ಕಿವಿಗೆ ಇಯರ್‌ಫೋನ್ ಹಾಕಿ ಕೇಳಿ, ಪರದೆ ಆರಿಸಿ.

ಮಕ್ಕಳ ಕಣ್ಣಿಗೆ ಏನು ಮುಖ್ಯ?

ಮಕ್ಕಳಲ್ಲಿ ಚಿಂತೆ ಇರುವುದು ಸಮೀಪದೃಷ್ಟಿಯ ಬಗ್ಗೆ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷ. ದೆಹಲಿಯ ಶಾಲಾಮಕ್ಕಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 13.1 ಶೇಕಡಾ ಮಕ್ಕಳಿಗೆ ಇದು ಇತ್ತು. ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊರಗೆ ಆಡುವವರಲ್ಲಿ ಕಡಿಮೆ ಇತ್ತು. ಹೊರಗಿನ ಬೆಳಕು, ಮರದ ನೆರಳಿನಲ್ಲಿಯೂ, ಮನೆಯೊಳಗಿನ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಮೇ, ಜೂನ್ ತಿಂಗಳ ಬಿಸಿಲಿನಲ್ಲಿ ಬೆಳಿಗ್ಗೆ ಬೇಗ ಮತ್ತು ಸಂಜೆ ಆಡಲು ಬಿಡಿ. ಹಾಗಿದ್ದೂ ಮಗುವಿಗೆ ಬ್ಲೂ ಕಟ್ ಕನ್ನಡಕ ಕೊಡಿಸಿ, ಆಟದ ಹೊತ್ತನ್ನು ಕೋಚಿಂಗ್‌ಗೆ ಕೊಡುವವರೇ ಹೆಚ್ಚು.

ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡ ಎಂದು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಧಾರವಾಡದಲ್ಲಿರುವ ಅಜ್ಜಿಗೆ ಆಗಾಗ ವಿಡಿಯೊ ಕಾಲ್ ಮಾಡುವುದಕ್ಕೆ ಅಡ್ಡಿಯಿಲ್ಲ. 2ರಿಂದ 5 ವರ್ಷದವರಿಗೆ ದಿನಕ್ಕೆ 1 ಗಂಟೆಯೊಳಗೆ, ದೊಡ್ಡವರು ಜೊತೆಗಿದ್ದು.

ಪರದೆ ನೋಡಲೇಬೇಕಾದವರು ಏನು ಮಾಡಬೇಕು?

20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಕಿಟಕಿಯಾಚೆಯ ಮರವಾದರೂ ಸರಿ, ಎದುರು ಮನೆಯ ಮಾಳಿಗೆಯಾದರೂ ಸರಿ. ಆಗ ನೆನಪಿಟ್ಟು ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಿರಿ. ಕಂಪ್ಯೂಟರನ್ನು ಒಂದು ತೋಳಿನಷ್ಟು ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಇಡಿ. ಫೋನನ್ನು ಮುಖಕ್ಕೆ ಹಿಡಿಯುವ ಬದಲು ಅಕ್ಷರ ದೊಡ್ಡದು ಮಾಡಿ. ಕೋಣೆಯ ದೀಪ ಆರಿಸಿ ನೋಡಬೇಡಿ.

ಔಷಧಿ ಅಂಗಡಿಯಿಂದ ಕೇಳಿ ತಂದ ಹನಿ ಹಾಕುವ ಅಭ್ಯಾಸ ಮಾತ್ರ ಬಿಡಲೇಬೇಕು. ಕೆಂಪು ಬೇಗ ಇಳಿಸುವ ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಜೊತೆಗೆ ಪೊರೆ ಬರಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಜೇನುತುಪ್ಪ, ಗುಲಾಬಿ ನೀರು, ಗಂಗಾಜಲ ಇವನ್ನೂ ಕಣ್ಣಿಗೆ ಹಾಕಬಾರದು.

ಯಾವಾಗ ವೈದ್ಯರ ಬಳಿಗೆ?

ಒಮ್ಮೆಲೇ ದೃಷ್ಟಿ ಮಸುಕಾದರೆ, ಮಿಂಚು ಹೊಳೆದಂತೆ ಅಥವಾ ಕಪ್ಪು ಚುಕ್ಕೆಗಳ ಮಳೆ ಬಂದಂತೆ ಕಂಡರೆ, ಒಂದು ಬದಿಯಿಂದ ತೆರೆ ಎಳೆದಂತಾದರೆ, ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣಿಸಿದರೆ ಅದೇ ದಿನ ಹೋಗಬೇಕು. ಇವು ಮೊಬೈಲಿನಿಂದ ಬರುವ ತೊಂದರೆಗಳಲ್ಲ. ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಬೇಕು. ಮಗುವಿಗೆ ಮೆಳ್ಳೆಗಣ್ಣು ಇದ್ದರೆ ಅಥವಾ ಫೋಟೊದಲ್ಲಿ ಒಂದು ಪಾಪೆ ಬಿಳಿಯಾಗಿ ಕಂಡರೆ ತಡ ಮಾಡಬೇಡಿ.

ಭೇಲೂಪುರದಿಂದ ಲಂಕಾದ ಕಡೆಗೆ ಹೋದರೆ ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ವಾರಾಣಸಿಯಲ್ಲಿ ಆರ್‌ಜೆ ಶಂಕರ ಕಣ್ಣಿನ ಆಸ್ಪತ್ರೆ 2024ರ ಅಕ್ಟೋಬರ್‌ನಲ್ಲಿ ಆರಂಭವಾಗಿದೆ. ಹಿಂದಿ ಹೆಚ್ಚು ಬಾರದ ಕನ್ನಡಿಗರಿಗೆ ಅಲ್ಲಿ ಮೂರು ಮಾತುಗಳು ಗೊತ್ತಿರಬೇಕು. ಮೋತಿಯಾಬಿಂದ್ ಎಂದರೆ ಕಣ್ಣಿನ ಪೊರೆ. ಕಾಲಾ ಮೋತಿಯಾ ಎಂದರೆ ಗ್ಲಾಕೋಮಾ, ಇದು ಬೇರೆಯೇ ರೋಗ. ಪರ್ದಾ ಎಂದರೆ ರೆಟಿನಾ. 'ಪರ್ದಾ ನೋಡಬೇಕು' ಎಂದರೆ ವೈದ್ಯರು ಕೇಳುತ್ತಿರುವುದು ಫೋನಿನ ಪರದೆಯ ಬಗ್ಗೆ ಅಲ್ಲ.

ಹಳೆಯ ಕನ್ನಡಕ, ಹಳೆಯ ಚೀಟಿ, ಈಗ ಹಾಕುತ್ತಿರುವ ಹನಿಯ ಬಾಟಲಿ ಜೊತೆಗಿರಲಿ. ರೆಟಿನಾ ನೋಡಲು ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಮಸುಕಾಗಿ ಕಾಣುತ್ತದೆ, ಬಿಸಿಲು ಚುಚ್ಚುತ್ತದೆ. ಹಾಗಾಗಿ ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ, ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ.