ರಾಕ್ ಸಂಗೀತಕ್ಕೂ ಘರಾಣೆಯುಂಟು

ಬಾರಾಮತಿಯಲ್ಲಿ ನೆಲೆಸಿದ ಕನ್ನಡದ ಮನೆಯೊಂದರಲ್ಲಿ ಹಿರಿಯರಿಗೆ ಭೀಮಸೇನ ಜೋಶಿ, ಕಿರಿಯರಿಗೆ ಪಿಂಕ್ ಫ್ಲಾಯ್ಡ್ ಅಚ್ಚುಮೆಚ್ಚಾದರೆ ಆಶ್ಚರ್ಯವೇನಿಲ್ಲ. 'ಇಂಥ ಸಂಗೀತ ಇನ್ನಾರದು?' ಎಂಬ ಪ್ರಶ್ನೆ ಇಬ್ಬರದೂ ಒಂದೇ.

ಹಿರಿಯರ ದಾರಿ ಸುಲಭ. ಗದಗಿನ ಭೀಮಸೇನರು ಕಲಿತದ್ದು ಕುಂದಗೋಳದ ಸವಾಯಿ ಗಂಧರ್ವರಲ್ಲಿ. ಗಂಗೂಬಾಯಿ ಹಾನಗಲ್ ಅವರೂ ಅದೇ ಗುರುಗಳ ಶಿಷ್ಯೆ. ಗುರುಗಳ ಗುರು ಉತ್ತರದ ಕಿರಾನಾ ಊರಿನ ಅಬ್ದುಲ್ ಕರೀಂ ಖಾನರು. ಭೀಮಸೇನರು ಪುಣೆಗೆ ಬಂದು ನೆಲೆಸಿದರು. ಗುರುಗಳ ನೆನಪಿನ ಉತ್ಸವ ಅಲ್ಲಿ 1953ರಲ್ಲಿ ಆರಂಭವಾಯಿತು.

ಕಿರಿಯರ ದಾರಿಯೂ ಬೇರೆಯಲ್ಲ. ಪಿಂಕ್ ಫ್ಲಾಯ್ಡ್ 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. 1967ರಲ್ಲಿ ಅಲ್ಲಿನ ಯು.ಎಫ್.ಓ. ಕ್ಲಬ್ಬಿನಲ್ಲಿ ಅದರಂತೆಯೇ ನುಡಿಸುತ್ತಿದ್ದ ಮತ್ತೊಂದು ತಂಡ ಸಾಫ್ಟ್ ಮಷೀನ್. ಅದರ ಬೇರು ಕ್ಯಾಂಟರ್ಬರಿ ಊರಿನ ವೈಲ್ಡ್ ಫ್ಲವರ್ಸ್ ತಂಡದಲ್ಲಿದೆ. ಅದೇ ಬೇರಿನ ಇನ್ನೊಂದು ಕವಲು 1968ರ ಕ್ಯಾರವಾನ್. ಸಾಫ್ಟ್ ಮಷೀನಿನಲ್ಲಿದ್ದ ಆಸ್ಟ್ರೇಲಿಯಾದ ಡೇವಿಡ್ ಆಲನ್ ಫ್ರಾನ್ಸಿನಲ್ಲಿ ಗಾಂಗ್ ತಂಡ ಕಟ್ಟಿದರು.

ಒಂದೇ ಬಳಗವೆಂದರೆ ಒಂದೇ ದನಿಯಲ್ಲ. ಗಂಗೂಬಾಯಿಯವರ ದನಿ ಬೇರೆ, ಭೀಮಸೇನರದು ಬೇರೆ. ಸ್ವರವನ್ನು ನಿಧಾನವಾಗಿ ಅರಳಿಸುವ ರೀತಿಯಲ್ಲಿ ನಂಟು ತಿಳಿಯುತ್ತದೆ. ದನಿಯನ್ನಷ್ಟೇ ಹುಡುಕಿದರೆ ನಕಲು ಸಿಕ್ಕೀತು. ಯಾರ ಜೊತೆ ಯಾರು ಕಲಿತರು, ನುಡಿಸಿದರು ಎಂದು ಕೇಳಿದರೆ ಬಂಧುಗಳೇ ಸಿಗುತ್ತಾರೆ. ಊರು ಬಿಟ್ಟವರು ಸಂಗೀತದ ನಂಟನ್ನೂ ಜೊತೆಗೆ ಒಯ್ಯುತ್ತಾರೆ. ಇದು ನಮಗೆ ಹೊಸದೇನಲ್ಲವಷ್ಟೆ!